ಒಂದು ಪೆಟ್ಟಿಗೆಗೆ ಒಂದೇ ಇಲಿ

ಆ ಸಂಶೋಧನಾಲಯದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಇಲಿಮಾವ. ನೆಲಮಾಳಿಗೆಯ ಇಲಿಕೋಣೆ ಅವನದು: ಪೆಟ್ಟಿಗೆ ತೊಳೆಯಬೇಕು, ಮರದ ಹೊಟ್ಟು ಬದಲಿಸಬೇಕು, ನೀರಿನ ಬಾಟಲಿ ತುಂಬಬೇಕು, ಪ್ರಯೋಗ ನಡೆಸುವ ಮೇಡಂ ಹೇಳಿದಾಗ ಹಿಕ್ಕೆ ಆರಿಸಿ ಸಣ್ಣ ಡಬ್ಬಿಗೆ ಹಾಕಿ ಮಂಜುಗಡ್ಡೆಯ ಮೇಲಿಡಬೇಕು. "ಜನ ಚಿನ್ನ ಆರಿಸ್ತಾರೆ, ನಾನು ಇಲಿ ಹಿಕ್ಕೆ ಆರಿಸ್ತೀನಿ. ಹಣೆಬರಹ!" ಎಂದು ತಾನೇ ಹೇಳಿಕೊಂಡು ನಗುತ್ತಿದ್ದ.

ಈ ಸಲದ ಪ್ರಯೋಗ ಶುರುವಾದಾಗ ಮಾತ್ರ ಅವನು ನಗಲಿಲ್ಲ. ನೀರಿನಲ್ಲಿ ಏನೋ ಬೆರೆಸಿ ಇಲಿಗಳ ಕರುಳಿಗೆ ಉರಿಯೂತ ಬರಿಸಿದ್ದರು. ಹಾಗಾದಾಗ ಕರುಳಿನೊಳಗೆ ತಯಾರಾಗುವ ಒಳ್ಳೆಯ ಅಂಶಗಳಲ್ಲಿ ಯಾವುವು ಕಡಿಮೆಯಾಗುತ್ತವೆ, ಒಂದು ಹೊಸ ಪುಡಿ ಕೊಟ್ಟರೆ ಅವು ಮರಳಿ ಬರುತ್ತವೆಯೇ ಎಂದು ಮೇಡಂ ಹಿಕ್ಕೆಯಲ್ಲಿ ಹುಡುಕುತ್ತಿದ್ದರು. ಇಲಿಮಾವನ ಹೆಂಡತಿಗಿದ್ದದ್ದೂ ಅದೇ ಕಾಯಿಲೆ. ಹೊತ್ತಿಲ್ಲ ಗೊತ್ತಿಲ್ಲ, ಬಚ್ಚಲಿಗೆ ಓಡಬೇಕು, ರಕ್ತ ಬೀಳುತ್ತಿತ್ತು. ಬಚ್ಚಲ ಪಕ್ಕದ ಕೋಣೆಯಲ್ಲಿ ಒಬ್ಬಳೇ ಮಲಗುವಳು, ಒಬ್ಬಳೇ ಉಣ್ಣುವಳು. ಹತ್ತಿರ ಹೋದರೆ "ವಾಸನೆ ಬರುತ್ತೆ, ಆಚೆ ಹೋಗ್ರೀ" ಎಂದು ಬಾಗಿಲು ಹಾಕಿಕೊಳ್ಳುವಳು. ದೊಡ್ಡ ಕರುಳು ತೆಗೆಸಿಬಿಡಿ, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಹೊಟ್ಟೆಗೆ ಚೀಲ ಕಟ್ಟಿಕೊಂಡು ಬದುಕಬೇಕೆಂಬ ಮಾತು ಕೇಳಿಯೇ ಅವಳ ಜೀವ ಅರ್ಧವಾಗಿತ್ತು. ಕಾಡಿ ಬೇಡಿ ಅಂತೂ ಅವಳನ್ನು ಒಪ್ಪಿಸಿದ್ದ.

ಪುಡಿ ತಿನ್ನುವ ಇಲಿಗಳ ಸಾಲು ಕೆಟ್ಟು ವಿಪರೀತ ತಣ್ಣಗೆ ಬೀಸುತ್ತಿದ್ದ ಏಸಿಯ ಗಾಳಿ ನೇರವಾಗಿ ಬಡಿಯುವ ಕಡೆಗಿತ್ತು. ಒಂದು ಪೆಟ್ಟಿಗೆಗೆ ಒಂದೇ ಇಲಿ ಎಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಕಚ್ಚಾಡದಿರಲಿ ಅಂತಿರಬೇಕು ಎಂದುಕೊಂಡಿದ್ದ ಇವನು. ಬೆನ್ನು ಗೂನು ಮಾಡಿಕೊಂಡು, ಕೂದಲು ಕೆದರಿಕೊಂಡು ಅವು ಒಂದೊಂದೇ ಮೂಲೆಯಲ್ಲಿ ನಡುಗುತ್ತ ಕೂತದ್ದನ್ನು ನೋಡಿದರೆ ಅವನಿಗೆ ಬಚ್ಚಲ ಪಕ್ಕದ ಕೋಣೆ ನೆನಪಾಗುತ್ತಿತ್ತು. ಮನೆಯ ಬಾಗಿಲು ತೆರೆಸಲಾಗದವನಿಗೆ ಈ ಮುಚ್ಚಳ ತೆರೆಯಲು ಯಾರಪ್ಪನ ಅಡ್ಡಿ? ಸಂಜೆ ಹೊರಡುವ ಮುಂಚೆ ಆ ಸಾಲಿನ ಒಂದೊಂದರ ಜೊತೆಗೂ ಆರೋಗ್ಯದ ಇಲಿಯೊಂದನ್ನು ಬಿಟ್ಟು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ತೆಗೆದಿಡತೊಡಗಿದ. ಎರಡೂ ಒತ್ತಿಕೊಂಡು ಮಲಗಿರುತ್ತಿದ್ದವು.

ಹಿಕ್ಕೆಯ ಫಲಿತಾಂಶ ಬಂದ ದಿನ ಮೇಡಂ ಮೆಟ್ಟಿಲು ಓಡಿಕೊಂಡೇ ಇಳಿದರು. "ಮಾವ, ಪುಡಿ ಕೆಲಸ ಮಾಡಿದೆ! ಕಮ್ಮಿಯಾಗಿದ್ದ ಅಂಶಗಳೆಲ್ಲ ವಾಪಸ್ ಬಂದಿವೆ!"

ಇವನು ಬಾಯಿ ಮುಚ್ಚಿಕೊಂಡಿರಬಾರದಿತ್ತೇ? ಮನೆಗೆ ಹೋದವನೇ ಚಪ್ಪಲಿಯನ್ನೂ ಬಿಡದೆ ಹೆಂಡತಿಗೆ ಹೇಳಿಬಿಟ್ಟ.

"ಹಾಗಾದ್ರೆ ನಂಗೆ ಆಪರೇಷನ್ ಬೇಡಾರೀ. ಆ ಪುಡಿ ಬರೋವರೆಗೂ ಕಾಯ್ತೀನಿ."

"ಮನುಷ್ಯರಿಗೆ ಕೊಡೋಕೆ ವರ್ಷಗಟ್ಟಲೆ ಆಗುತ್ತೆ ಕಣೇ."

"ಇಷ್ಟು ವರ್ಷ ಅನುಭವಿಸಿಲ್ವಾ? ಇನ್ನೊಂದಷ್ಟು ದಿನ."

ಆಪರೇಷನ್ ನಿಂತಿತು. ಅವಳ ಕೋಣೆಯ ಬಾಗಿಲು ತೆರೆಯಿತು. ಎಷ್ಟೋ ಕಾಲದ ಮೇಲೆ ಇಬ್ಬರೂ ಎದುರುಬದುರು ಕೂತು ಉಂಡರು. ಅವನಿಗೂ ಬೇಕಾಗಿದ್ದದ್ದು ಅದೇ, ಸುಳ್ಳೇಕೆ?

ಎರಡನೇ ಸಲ ಅದೇ ಪ್ರಯೋಗ ಮಾಡುವಾಗ ಏಸಿ ರಿಪೇರಿಯಾಗಿತ್ತು. ಕೋಣೆ ಬೆಚ್ಚಗಿತ್ತು, ಇವನೂ ಜೊತೆ ಬಿಡುವ ಗೋಜಿಗೆ ಹೋಗಲಿಲ್ಲ. ಪುಡಿ ಏನೂ ಕಿಸಿಯಲಿಲ್ಲ. ಮೇಡಂ ತಲೆಯ ಮೇಲೆ ಕೈಹೊತ್ತು ಕೆಳಗೆ ಬಂದರು.

"ಮಾವ, ಹೋದ ಸಲ ಪೆಟ್ಟಿಗೆಗಳೇನಾದ್ರೂ ಬೆರಕೆ ಆಗಿದ್ವಾ? ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ವೆ. ಚೆನ್ನಾಗಿರೋದರ ಹಿಕ್ಕೆ ತಿಂದ್ರೆ ಕಾಯಿಲೆ ಇಲಿಯ ಕರುಳೊಳಗೂ ಎಲ್ಲ ಬದಲಾಗುತ್ತೆ. ಅದಕ್ಕೇ ಒಂದೊಂದೇ ಇಡೋದು."

ಅವನು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟ. ಒಂದನ್ನೂ ಮುಚ್ಚಿಡದೆ ಹೇಳಿದ. ಮೇಡಂ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತರು. ಬೈದಿದ್ದರೆ ಚೆನ್ನಾಗಿತ್ತು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಮಾವ?" ಎಂದರು, ಅಷ್ಟೇ. ಅಲ್ಲಿಗೆ ಪುಡಿಯ ಕಥೆ ಮುಗಿಯಿತು.

ಇವತ್ತೇ ಹೇಳಿ ನಾಳೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಮನೆಗೆ ಬಂದ. ಹೆಂಡತಿ ತಲೆ ಬಾಚಿ, ಎರಡು ತಟ್ಟೆ ಇಟ್ಟುಕೊಂಡು ಕೂತಿದ್ದಳು. "ಬನ್ರೀ, ಆರಿಹೋಗುತ್ತೆ. ಇಲಿಗಳಿಗೆ ಮಾತ್ರ ಹೊತ್ತುಹೊತ್ತಿಗೆ ಊಟ, ನನ್ನ ಗಂಡಂಗೆ ಬೇಡ್ವಾ?" ಎಂದು ನಕ್ಕಳು. ಇವನು ಕೈತೊಳೆದು ತಟ್ಟೆಯ ಮುಂದೆ ಕೂತ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆಯೂ ಅವಳು ನಕ್ಕಳು. ಹೇಡಿ ಎಂದು ಬೈಯುವವರು ಬೈಯಿರಿ. ಆ ನಗುವಿನ ಮುಂದೆ ನೀವೂ ಒಮ್ಮೆ ಕೂತು ನೋಡಬೇಕಿತ್ತು.

ಒಂದು ಬೆಳಿಗ್ಗೆ ಅವಳ ಹೊಟ್ಟೆ ಕಲ್ಲಿನ ಹಾಗೆ ಬಿಗಿಯಿತು, ಮೈ ಸುಡತೊಡಗಿತು. ಕರುಳು ತೂತಾಗಿದೆ, ಈಗಲೇ ಕೊಯ್ಯಬೇಕು, ಆದರೆ ತುಂಬ ತಡವಾಗಿದೆ ಎಂದರು ಡಾಕ್ಟರು. ಸ್ಟ್ರೆಚರಿನ ಮೇಲಿಂದ ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಳು.

"ಇದೊಂದು ದಾಟಿದ್ರೆ ಆ ಪುಡಿ ಬರುತ್ತೆ ಅಲ್ವೇನ್ರೀ?"

"ಬರುತ್ತೆ ಕಣೇ" ಎಂದ.

"ಜೊತೆಗೆ ಯಾರೂ ಬರೋ ಹಾಗಿಲ್ಲ. ಇಲ್ಲೇ ಇರಿ" ಎಂದು ನರ್ಸು ಅವನನ್ನು ತಡೆದಳು.

ಆಪರೇಷನ್ ಆದ ಮೇಲೂ ಬಿಡಲಿಲ್ಲ. "ಏನೂ ಮುಟ್ಟಲ್ಲಮ್ಮ, ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ" ಎಂದು ಅಂಗಲಾಚಿದ. ಒಳಗೆ ಬೇರೆಯವರಿಗೆ ಪ್ರವೇಶವಿಲ್ಲ ಎಂದರು. ಮರುದಿನ ಮಧ್ಯಾಹ್ನ ಅವರೇ ಬಾಗಿಲು ತೆರೆದು ಕರೆದರು. ಅವನು ಹೋಗಿ ಪಕ್ಕದಲ್ಲಿ ಕೂತಾಗ ಅವಳ ಕೈ ತಣ್ಣಗಾಗಿತ್ತು.