ಸ್ವೀಡನ್ನಿನ ಜನರಲ್ ಜೊತೆ ಬ್ಯಾಡಗಿಗೆ

ಹಾವೇರಿಯಲ್ಲಿ ರಾಣೆಬೆನ್ನೂರಿನ ಬಸ್ಸು ಹತ್ತಿದಾಗ ಬೆಳಿಗ್ಗೆ ಏಳೂವರೆ. ಬಸ್ಸಿನ ತುಂಬ ಹೆಂಗಸರು. ಅವರಿಗೆ ಪ್ರಯಾಣ ಪುಕ್ಕಟೆ. ಟಿಕೆಟ್ ತೆಗೆಸಿದ ನಾವು ಆರೇಳು ಗಂಡಸರು ಮಾತ್ರ ಕಂಬಿ ಹಿಡಿದು ನಿಂತಿದ್ದೆವು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನಗೆ ದುಭಾಷಿಯ ಕೆಲಸ ಸಿಕ್ಕಿದ್ದು ಅದೇ ಮೊದಲು. ಇಸ್ತ್ರಿ ಅಂಗಿ ತೊಟ್ಟು ಕಿಸೆಗೆ ಎರಡು ಪೆನ್ನು ಸಿಕ್ಕಿಸಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೇ ಬಂದಿತ್ತು.

ರಾಣೆಬೆನ್ನೂರಿನ ಲಾಡ್ಜಿನ ಕೆಳಗಿನ ಖಾನಾವಳಿಯಲ್ಲಿ ಹೋಲ್ಗರ್ ನನಗಾಗಿ ಕಾಯುತ್ತಿದ್ದರು. ಸ್ವೀಡನ್ ವಾಯುಪಡೆಯಲ್ಲಿ ಬ್ರಿಗೇಡಿಯರ್ ಜನರಲ್ ಆಗಿ ನಿವೃತ್ತರಾದವರು. ಆರಡಿ ದಾಟಿದ ಎತ್ತರ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೈ ಮುದುಡಿಕೊಂಡು ಕೂತಿದ್ದರು. ಮುಂದಿನ ಇಡ್ಲಿ ಆರಿಹೋಗಿತ್ತು.

"ನನ್ನದು ಒಂದೇ ಷರತ್ತು" ಎಂದರು ಇಂಗ್ಲಿಷಿನಲ್ಲಿ. "ನಾನು ಹೇಳಿದ್ದೆಲ್ಲ ಅವರಿಗೆ ಮುಟ್ಟಬೇಕು, ಅವರು ಹೇಳಿದ್ದೆಲ್ಲ ನನಗೆ ಮುಟ್ಟಬೇಕು. ಏನನ್ನೂ ಬಿಡಬಾರದು."

"ಒಂದು ಅಕ್ಷರವೂ ಬಿಡುವುದಿಲ್ಲ" ಎಂದೆ.

ಬ್ಯಾಡಗಿಗೆ ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರ್. ಕದರಮಂಡಲಗಿಯ ದಾರಿ ಹಿಡಿದೆವು. ಫೆಬ್ರುವರಿಯ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕಾರಿನಲ್ಲಿ ಅವರು ತಮ್ಮ ನೌಕರಿಯ ಕಥೆ ಹೇಳಿದರು. ಇಪ್ಪತ್ತೆರಡಕ್ಕೆ ಫೈಟರ್ ಪೈಲಟ್. ಉತ್ತರದ ಹಿಮದಲ್ಲಿ ಒಂಬತ್ತು ಚಳಿಗಾಲ. ಆಮೇಲೆ ವಿಮಾನದಳದ ಮುಖ್ಯಸ್ಥ, ರಾಜಧಾನಿಯಲ್ಲಿ ಕಚೇರಿಯ ಹುದ್ದೆ. ಕೊನೆಗೆ ಆಫ್ರಿಕಾದ ಒಂದು ದೇಶದಲ್ಲಿ ಶಾಂತಿಪಡೆಯ ಹೆಲಿಕಾಪ್ಟರುಗಳ ಉಸ್ತುವಾರಿ. ಅಲ್ಲಿನ ಒಂದು ಹೊರಠಾಣೆಯಲ್ಲಿ ನಮ್ಮ ದೇಶದ ಸೈನಿಕರಿದ್ದರು. ಬ್ಯಾಡಗಿಯ ಬಸವರಾಜ ಅವರಲ್ಲೊಬ್ಬ.

"ಮಧ್ಯಾಹ್ನ ಅವನಿಗೆ ಗುಂಡು ತಗುಲಿತು. ಹೆಲಿಕಾಪ್ಟರ್ ಕಳಿಸಿ ಎಂದು ರೇಡಿಯೋದಲ್ಲಿ ಕೇಳಿದರು. ಧೂಳಿನ ಬಿರುಗಾಳಿ ಎದ್ದಿತ್ತು. ಕಳಿಸಿದರೆ ನಾಲ್ವರು ಜೀವ ಪಣಕ್ಕಿಟ್ಟು ಹೋಗಬೇಕು. ನಾನು ಕಳಿಸಲಿಲ್ಲ. ಐದು ತಾಸು ಅವರು ಕೇಳುತ್ತಲೇ ಇದ್ದರು, ನಾನು ಇಲ್ಲವೆನ್ನುತ್ತಲೇ ಇದ್ದೆ."

ವಿಚಾರಣೆಯಲ್ಲಿ ಅವರ ನಿರ್ಧಾರ ಸರಿ ಎಂದಾಯಿತಂತೆ. ಜನರಲ್ ಪದವಿ ಬಂದದ್ದು ಅದರ ಮರುವರ್ಷ. "ಆ ತಾಯಿಗೆ ಇದನ್ನು ನಾನೇ ಹೇಳಬೇಕು" ಎಂದು ಮಡಚಿದ ಹಾಳೆಯೊಂದನ್ನು ತೋರಿಸಿದರು. ಕದರಮಂಡಲಗಿಯಲ್ಲಿ ಡ್ರೈವರ್ ಕಾರು ನಿಲ್ಲಿಸಿ ಆಂಜನೇಯನಿಗೆ ಕೈಮುಗಿದು ಬಂದ. ಹೋಲ್ಗರ್ ಕಣ್ಣು ಹಾಳೆಯಿಂದ ಮೇಲೇಳಲಿಲ್ಲ.

ಅಂದು ಸೋಮವಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಯ ದಿನ. ಲಾರಿಗಳ ನಡುವೆ ಸಿಕ್ಕಿಕೊಂಡು ಅರ್ಧ ತಾಸು ಕಳೆಯಿತು. ಘಾಟಿಗೆ ಮೂವರೂ ಕೆಮ್ಮಿದೆವು. ಓಣಿಯ ಮೂಲೆಯಲ್ಲಿ ಬಸವರಾಜನ ಹೆಂಡತಿ ರೇಣುಕಾ ನಮ್ಮ ದಾರಿ ಕಾಯುತ್ತ ನಿಂತಿದ್ದಳು.

"ಸರ, ಮನಿಗೆ ಹೋಗೂಕ್ಕಿಂತ ಮೊದ್ಲ ಒಂದ ಮಾತು" ಎಂದಳು. "ನಮ್ಮ ಯಜಮಾನ್ರ ಜೋಡಿ ಇದ್ದ ಸಿಪಾಯಿ ನನಗ ಎಲ್ಲಾ ಹೇಳ್ಯಾನ. ಐದು ತಾಸು ಜೀವ ಇತ್ತಂತ. ಅವರ ಅವ್ವಗ ಗೊತ್ತಿಲ್ಲ. ಗುಂಡು ಬಡದ ಕೂಡ್ಲೇ ಹೋದ್ರು ಅಂತ ಹೇಳೇನಿ. ಅದನ್ನ ನಂಬಕೊಂಡು ಎರಡು ತುತ್ತು ಉಣ್ಣಾಕತ್ತಾಳ್ರಿ. ಸಾಹೇಬ್ರೂ ಹಂಗ ಹೇಳ್ಲಿ."

ಅದನ್ನು ಹೋಲ್ಗರ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಜನ್ಮದಲ್ಲಿ ಒಂದೂ ಸುಳ್ಳು ವರದಿ ಕೊಟ್ಟವನಲ್ಲ ಎಂದರು. ಆಮೇಲೆ ಹಾಳೆಯನ್ನು ಕಿಸೆಗೆ ಹಾಕಿಕೊಂಡರು.

ತಾಯಿ ಗಂಗವ್ವ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದಳು. ಗೋಡೆಯ ಮೇಲೆ ಬಸವರಾಜನ ಫೋಟೋ. ಹೋಲ್ಗರ್ ಹೇಳಿದರು, ನಾನು ಕನ್ನಡಕ್ಕೆ ತಂದೆ: ಒಳ್ಳೆಯ ಸೈನಿಕ, ಗುಂಡು ತಗುಲಿದ ಕೂಡಲೇ ಹೋದ.

"ತ್ರಾಸ ಆಗಿದ್ದಿಲ್ಲ, ಹೌದಿಲ್ರಿ?"

"ಇಲ್ಲ" ಎಂದರು ಹೋಲ್ಗರ್. ಅವಳ ಮುಖ ಸಡಿಲಾದದ್ದು ನನಗೆ ಕಂಡಿತು.

ಅಷ್ಟಕ್ಕೇ ಎದ್ದುಬಿಡಬೇಕಿತ್ತು. ಆದರೆ ನಮ್ಮ ಕಡೆ ಸತ್ತವರ ಮಾತನ್ನು ಒಬ್ಬರಿಗೇ ಹೇಳಿ ಮುಗಿಸಲು ಆಗುವುದಿಲ್ಲ. ಬಂದವರಿಗೆಲ್ಲ ಮೊದಲಿಂದ ಹೇಳಬೇಕು. ಪಕ್ಕದ ಮನೆಯವರು ಬಂದರು. "ಇವರಿಗೂ ಹೇಳ್ರಿ ಮಾಸ್ತರ್ರ" ಎಂದಳು ಗಂಗವ್ವ. ಕಿರಾಣಿ ಅಂಗಡಿಯವನು ಬಂದ, ಮತ್ತೆ ಹೇಳಿದೆವು. ನಾಲ್ಕನೆಯ ಸಲ ಹೇಳಬೇಕಾದದ್ದು ಹಿಂದಿನ ಓಣಿಯಿಂದ ಬಂದ ಗಂಗವ್ವನ ತಂಗಿಗೆ. ಹೋಲ್ಗರ್ ಈ ಸಲ ಯಾರನ್ನೂ ನೋಡದೆ, ಫೋಟೋ ನೋಡುತ್ತ ಹೇಳಿದರು.

"ಕೂಡಲೇ ಹೋದ. ಹೆಲಿಕಾಪ್ಟರ್ ಬಂತು. ನಾನು ಕಳಿಸಿದೆ. ಅದು ಬಂತು."

ಸುಳ್ಳು ಹೇಳಿ ಹೇಳಿ ಅವರು ತಮಗೆ ಬೇಕಾದ ಸುಳ್ಳಿಗೆ ಬಂದು ಮುಟ್ಟಿದ್ದರು. ನನಗದು ಹೊಳೆಯುವಷ್ಟರಲ್ಲಿ ನಾಲಿಗೆ ಮುಂದೆ ಓಡಿತ್ತು. "ಹೆಲಿಕಾಪ್ಟರ್ ಬಂತಂತ, ಇವರ ಕಳಿಸಿದ್ರಂತ" ಎಂದುಬಿಟ್ಟಿದ್ದೆ.

ಗಂಗವ್ವನ ಕೈ ನಿಂತಿತು. "ಕೂಡ್ಲೇ ಹೋದ ಅಂದ್ರಿ. ಹೋದವಗ ಹೆಲಿಕಾಪ್ಟರ್ ಯಾಕ ಬೇಕಿತ್ರಿ?"

ಅದನ್ನೂ ಇಂಗ್ಲಿಷಿಗೆ ತಂದೆ. ಹೋಲ್ಗರ್ ಮಂಡಿಯ ಮೇಲಿನ ತಮ್ಮ ಕೈಗಳನ್ನು ನೋಡಿಕೊಂಡರು. "ಬರಲಿಲ್ಲ. ನಾನು ಕಳಿಸಲಿಲ್ಲ. ಐದು ತಾಸು ಬದುಕಿದ್ದ." ಅದನ್ನೂ ಕನ್ನಡಕ್ಕೆ ತಂದೆ.

ಗಂಗವ್ವ ಅಳಲಿಲ್ಲ. ಜನರಲ್ ಕಡೆ ನೋಡಲೂ ಇಲ್ಲ, ಸೊಸೆಯ ಕಡೆ ತಿರುಗಿದಳು. "ನಿನಗ ಗೊತ್ತಿತ್ತ?"

ರೇಣುಕಾ ತಲೆ ತಗ್ಗಿಸಿದಳು.

"ಮೂರು ವರ್ಷ ನನ್ನ ಬಾಜೂಕ ಮಲಗೀದಿ."

ಆಮೇಲೆ ಎದ್ದು ತಾನೇ ತಾಟು ಹಾಕಿದಳು. ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಹೋಲ್ಗರ್ ಬೆವರುತ್ತ ಒಂದು ತುತ್ತೂ ಬಿಡದೆ ಉಂಡರು. ಬಂದವರಿಗೆಲ್ಲ ತಾಟು ಬಂತು. ರೇಣುಕಾಗೆ ಬರಲಿಲ್ಲ, ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಳು. ಇಷ್ಟು ವರ್ಷ ಆ ಇಬ್ಬರನ್ನು ಹಿಡಿದಿಟ್ಟ ಒಂದೇ ಒಂದು ಸುಳ್ಳನ್ನು ನಾನು ಮುರಿದು ಕೂತಿದ್ದೆ, ಅದೂ ಷರತ್ತು ಪಾಲಿಸಿದೆನೆಂಬ ಜಂಬಕ್ಕೆ.

ಕಾರಿನವರೆಗೆ ಬಂದವಳು ರೇಣುಕಾ ಒಬ್ಬಳೇ. ಗಾಜಿನ ಹತ್ತಿರ ಬಗ್ಗಿ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು: "ಆ ಒಂದ ಮಾತು ಬಿಟ್ಟಿದ್ರ ಏನಾಗತಿತ್ತರೀ ಸರ?"

ಕಾರು ಓಣಿ ದಾಟಿತು. ತಿರುಗಿ ನೋಡಿದಾಗ ಅವಳಿನ್ನೂ ಮೂಲೆಯಲ್ಲೇ ನಿಂತಿದ್ದಳು, ಮನೆಯ ಕಡೆ ಹೊರಳಿರಲಿಲ್ಲ.

"ಆಕೆ ಏನು ಹೇಳಿದಳು?" ಎಂದರು ಹೋಲ್ಗರ್.

"ಸಾವಕಾಶ ಹೋಗಿ ಎಂದಳು."

ರಾಣೆಬೆನ್ನೂರಿನ ಬಸ್ ನಿಲ್ದಾಣದ ಮುಂದೆ ಇಳಿದಾಗ ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನೀವು ಏನನ್ನೂ ಬಿಡಲಿಲ್ಲ, ಥ್ಯಾಂಕ್ಸ್" ಎಂದರು. ಆ ದಿನವೆಲ್ಲ ನಾನು ಬಿಟ್ಟದ್ದು ರೇಣುಕಾಳ ಆ ಒಂದು ಮಾತನ್ನು ಮಾತ್ರ.