ಇಂಟು ಮಾರ್ಕಿನ ಜಾಕೆಟ್

ಭದ್ರಾವತಿ ಓಲ್ಡ್ ಟೌನಿನ ಗಂಗಾಧರಪ್ಪನವರ ಅಂಗಿ ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು ಇರುತ್ತದೆ. ಅವರು ಮೇಷ್ಟರಲ್ಲ. ಕಬ್ಬಿಣದ ಕಾರ್ಖಾನೆಯ ಕ್ರೇನ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಸರಪಳಿ ಪರೀಕ್ಷೆ ಮಾಡಿದವರು. ಭಾರ ಎತ್ತುವ ಮೊದಲು ಸರಪಳಿಯನ್ನು ಎರಡು ಸಲ ಜಗ್ಗಿ ನೋಡಬೇಕು. ಸರಿಯಿದ್ದರೆ ಕೊಕ್ಕೆಯ ಮೇಲೊಂದು ರೈಟ್ ಮಾರ್ಕು, ಅನುಮಾನವಿದ್ದರೆ ಇಂಟು ಮಾರ್ಕು. ಇಂಟು ಬಿದ್ದದ್ದನ್ನು ದೊಡ್ಡ ಸಾಹೇಬರೇ ಬಂದು ನಿಂತರೂ ಯಾರೂ ಎತ್ತುವಂತಿರಲಿಲ್ಲ.

ನಿವೃತ್ತರಾಗಿ ಎಂಟು ವರ್ಷವಾದರೂ ಚಟ ಮಾತ್ರ ನಿವೃತ್ತಿಯಾಗಿಲ್ಲ. ಮನೆಯ ಗ್ಯಾಸ್ ರೆಗ್ಯುಲೇಟರ್, ಬಾವಿಯ ರಾಟೆ, ಮೊಮ್ಮಗಳ ಸೈಕಲ್ಲು, ಎಲ್ಲದರ ಮೇಲೂ ಅವರ ಬಿಳಿ ಗುರುತು. ನೆಂಟರ ಮದುವೆಯೊಂದರಲ್ಲಿ ಪೆಂಡಾಲಿನ ಕಂಬಕ್ಕೆ ಇಂಟು ಹಾಕಿ, ಉಣ್ಣುತ್ತಿದ್ದ ಗಂಡಿನ ಕಡೆಯವರನ್ನು ಎಲೆ ಮುಂದಿನಿಂದ ಎಬ್ಬಿಸಿದ್ದರು. ಆಮೇಲೆ ಅವರ ಕೈ ಜೇಬಿಗೆ ಹೋದರೆ ಸಾಕು, ಬಂಧುಬಳಗದ ಮುಖ ಸಿಂಡರಿಸುತ್ತಿತ್ತು. ಹೋದ ವರ್ಷ ಭದ್ರಾ ಹಿನ್ನೀರಿಗೆ ಹೋದಾಗಲೂ ಅಷ್ಟೇ. ದೋಣಿಯವನು ಒಂದು ಲೈಫ್ ಜಾಕೆಟ್ ಕಡಿಮೆ ಕೊಟ್ಟನೆಂದು ರಂಪ ಮಾಡಿ, ಇಡೀ ಸಂಸಾರವನ್ನು ದಡದಿಂದಲೇ ವಾಪಸು ಹೊರಡಿಸಿದ್ದರು. ಆರು ವರ್ಷದ ಮೊಮ್ಮಗಳು ಮೋನಿಕಾ ಶಿವಮೊಗ್ಗ ತಲುಪುವವರೆಗೂ ಅತ್ತಿದ್ದಳು.

ಈ ಶ್ರಾವಣದಲ್ಲಿ ಅಣೆಕಟ್ಟು ತುಂಬಿದ ಸುದ್ದಿ ಬಂದ ಮೇಲೆ ಶಿವಮೊಗ್ಗದಿಂದ ಮಗಳು ರಶ್ಮಿ ಫೋನ್ ಮಾಡಿದಳು.

“ಅಪ್ಪಾಜಿ, ಭಾನುವಾರ ಎಲ್ರೂ ಹಿನ್ನೀರಿಗೆ ಹೋಗ್ತಿದೀವಿ. ನಮ್ಮತ್ತೆನೂ ಬರ್ತಾರೆ. ದೋಣಿ ಇವರೇ ಮಾತಾಡಿದಾರೆ. ಈ ಸಲ ನೀವು ಬಾಯಿ ಬಿಡಂಗಿಲ್ಲ. ಬಿಟ್ರೆ ಇನ್ಮೇಲೆ ನಿಮ್ಮನ್ನ ಎಲ್ಲಿಗೂ ಕರ್ಕೊಂಡು ಹೋಗಲ್ಲ, ನೋಡಿ.”

“ಆ ದೋಣೀಲಿ ಎಷ್ಟು ಜನ ಕೂರಬಹುದು ಅಂತ ಕೇಳಿದಾರಾ?”

“ಇದೇ. ಇದನ್ನೇ ನಾನು ಹೇಳಿದ್ದು.”

ಗಂಗಾಧರಪ್ಪನವರಿಗೆ ಮೈಯೆಲ್ಲ ಉರಿಯಿತು. ಆದರೆ ಮೊಮ್ಮಗಳು ಕಣ್ಣ ಮುಂದೆ ಬಂದಳು. ತಮ್ಮನ್ನು ಮನೆಯಲ್ಲಿ ಬಿಟ್ಟು ಇವರೆಲ್ಲ ನೀರಿಗಿಳಿದರೆ ಆ ಮಗುವಿನ ಜಾಕೆಟ್ಟಿನ ಪಟ್ಟಿಯನ್ನು ಎಳೆದು ನೋಡುವವರು ಯಾರು? “ಆಯ್ತಮ್ಮ, ಬಾಯಿಗೆ ಬೀಗ” ಎಂದು ಮಾತು ಕೊಟ್ಟರು.

ಭಾನುವಾರ ಹಿನ್ನೀರಿನ ದಡದಲ್ಲಿ ದೋಣಿಯ ಹುಲಿಯಪ್ಪ ಕಾಯುತ್ತಿದ್ದ. ಎಷ್ಟು ಜನಕ್ಕೆಂದು ದೋಣಿಯ ಮೇಲೆ ಎಲ್ಲೂ ಬರೆದಿರಲಿಲ್ಲ. ಆರು ಜಾಕೆಟ್ಟುಗಳು ಮರದ ಬುಡದಲ್ಲಿ ಒದ್ದೆಯಾಗಿ ಮುಗ್ಗಲು ವಾಸನೆ ಹೊಡೆಯುತ್ತ ಬಿದ್ದಿದ್ದವು. ಮಾತು ಕೊಟ್ಟದ್ದು ಬಾಯಿ, ಕೈಯೇನೂ ಕೊಟ್ಟಿರಲಿಲ್ಲ. ಗಂಗಾಧರಪ್ಪ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಪಟ್ಟಿಯನ್ನು ಎರಡೆರಡು ಸಲ ಜಗ್ಗತೊಡಗಿದರು.

“ಯಜಮಾನ್ರು ಏನ್ ಮಾಡ್ತಿದಾರೆ?” ಹುಲಿಯಪ್ಪ ಕೇಳಿದ.

“ಸ್ವಲ್ಪ ತಡ್ಕೊಳಿ ಮಾರಾಯ್ರೆ, ನಮ್ಮ ಮಾವಂಗೆ ಅದೊಂದು ಅಭ್ಯಾಸ” ಎಂದ ಅಳಿಯ ಮಲ್ಲೇಶ್, ಫೋನಿನಿಂದ ಕಣ್ಣು ತೆಗೆಯದೆ.

ಐದಕ್ಕೆ ರೈಟ್ ಬಿತ್ತು. ಆರನೆಯದರ ಬಕಲ್ ಮುರಿದಿತ್ತು. ಅದಕ್ಕೆ ಇಂಟು ಹಾಕಿ ಸುತ್ತ ನೋಡಿದರು. ಒಬ್ಬರಾದರೂ ಇತ್ತ ತಿರುಗಲಿಲ್ಲ. ಹೆಂಡತಿ ದಾಕ್ಷಾಯಣಮ್ಮ ಒಂದು ಭಾರದ ಚೀಲವನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡಿದ್ದರು. ಬೀಗಿತ್ತಿ ಬಸವರಾಜೇಶ್ವರಿ ಸೆರಗು ಸರಿಮಾಡಿಕೊಂಡು ಫೋಟೋಕ್ಕೆ ನಿಂತಿದ್ದರು. ಎಂಥ ಜನ ಇವರು ಎಂದು ಗಂಗಾಧರಪ್ಪ ಹಲ್ಲು ಕಚ್ಚಿದರು. ಹೇಳಿದರೆ ಮತ್ತೆ ರಂಪ, ಮತ್ತೆ ಮಗುವಿನ ಅಳು. ಐದು ರೈಟುಗಳನ್ನು ಐವರಿಗೂ ತೊಡಿಸಿ, ಇಂಟನ್ನು ತಾವೇ ಏರಿಸಿಕೊಂಡು, ಎರಡೂ ಕೈ ಎದೆಗೆ ಕಟ್ಟಿ ಹಿಂದಿನ ಹಲಗೆಯ ಮೇಲೆ ಕೂತರು.

ದಡ ಸಣ್ಣದಾಗುವಷ್ಟು ದೂರ ಹೋದ ಮೇಲೆ ದಾಕ್ಷಾಯಣಮ್ಮ ಚೀಲ ಬಿಚ್ಚಿದರು. ಒಳಗಿದ್ದದ್ದು ಚಪಾತಿ ಎಂದು ಗಂಗಾಧರಪ್ಪ ತಿಳಿದಿದ್ದರು. ಹೊರಬಂದದ್ದು ಅರಿಸಿನ, ಕುಂಕುಮ, ಬಳೆ, ತೆಂಗಿನಕಾಯಿ, ರವಿಕೆ ಕಣ ತುಂಬಿದ ಬಾಗಿನದ ಮೊರ.

“ತುಂಬಿದ ಗಂಗಮ್ಮನ ಹತ್ರ ಬರಿಗೈಲಿ ಬರೋದಾ? ಬನ್ನಿ ಬೀಗಿತ್ತಿಯವರೇ. ರಶ್ಮಿ, ಬಾರೇ. ಎಲ್ಲಾ ಮುತ್ತೈದೆಯರೂ ಕೈ ಹಚ್ಚಬೇಕು.”

ಮೂವರು ಮುತ್ತೈದೆಯರೂ ಎದ್ದು ಎಡಗಡೆಗೆ ಬಂದರು. ವಿಡಿಯೋ ಮಾಡಲು ಮಲ್ಲೇಶನೂ ಎಡಗಡೆಗೇ ಬಂದ. ಕಾಣುವುದಿಲ್ಲವೆಂದು ಮೋನಿಕಾ ಹಲಗೆ ಹತ್ತಿ ಬಗ್ಗಿದಳು. ದೋಣಿ ನಡೆಸುವ ಹುಲಿಯಪ್ಪನೂ ಮೋಟರಿನ ಹಿಡಿ ಬಿಟ್ಟು, ಟೋಪಿ ತೆಗೆದು, ಅದೇ ಕಡೆಗೆ ವಾಲಿ ಗಂಗಮ್ಮನಿಗೆ ಕೈಮುಗಿದ. ದೋಣಿಯ ಅಂಚು ಬಗ್ಗಿ, ನೀರು ಸದ್ದಿಲ್ಲದೆ ಒಳಗೆ ಸುರಿಯತೊಡಗಿತು.

“ಕೂತ್ಕೊಳ್ರೀ ಎಲ್ಲಾ!”

ಕಾರ್ಖಾನೆಯ ಗದ್ದಲವನ್ನು ಸೀಳುತ್ತಿದ್ದ ಹಳೆಯ ದನಿ ಅದು. ಮೊರ ಕೈಜಾರಿತು. ಮುತ್ತೈದೆಯರು ಇದ್ದಲ್ಲೇ ಕುಸಿದು ಕೂತರು.

“ಮಲ್ಲೇಶ್ ಅವ್ರೇ, ಮಗು ಎತ್ಕೊಂಡು ಬಲಗಡೆ ಹೋಗಿ. ಬಗ್ಗಿ ಹೋಗಿ, ನಿಲ್ಲಬೇಡಿ. ಹುಲಿಯಪ್ಪ, ಮೋಟ್ರು ಬಂದ್ ಮಾಡು.”

ದೋಣಿ ಎರಡು ಸಲ ಹೊಯ್ದಾಡಿ ಸಮಕ್ಕೆ ಬಂತು. ಒಳಗೆ ಕಾಲ್ಗಂಟಿನವರೆಗೆ ನೀರು. ಹೊರಗೆ ಮೊರ ತನ್ನ ಪಾಡಿಗೆ ತೇಲಿಕೊಂಡು ಹೋಗುತ್ತಿತ್ತು.

“ಹೋಗ್ಲಿ ಬಿಡಿ, ಗಂಗಮ್ಮ ತಗೊಂಡ್ಳು” ಎಂದರು ದಾಕ್ಷಾಯಣಮ್ಮ, ಮೊರ ಹೋದ ಕಡೆಗೇ ನೋಡುತ್ತ.

“ನಮ್ಮನ್ನೂ ತಗೊಳ್ತಿದ್ಲು. ಬಾಗಿನ ದಡದಲ್ಲಿ ಕೊಟ್ರೆ ಬೇಡ ಅಂತಿದ್ಲಾ ಅವಳು? ಎಲ್ಲಾನೂ ನೋಡಿದೆ, ಎಲ್ಲಾನೂ ಜಗ್ಗಿದೆ, ನಿನ್ನ ಚೀಲ ಒಂದನ್ನ ನೋಡ್ಲಿಲ್ಲ ನೋಡು.” ಬೇಸರ, ಭಯ, ಸಿಟ್ಟು ಒಟ್ಟಿಗೇ ಉಕ್ಕಿ ಗಂಗಾಧರಪ್ಪ ಕೈಯೆತ್ತಿ ಬೀಸಿದರು. ಅಷ್ಟು ಹೊತ್ತೂ ಎದೆಗೆ ಅವುಚಿ ಹಿಡಿದಿದ್ದ ಜಾಕೆಟ್ ತೆರೆದುಕೊಂಡು ಹೆಗಲಿನಿಂದ ಜಾರಿತು.

ರಶ್ಮಿಯ ಕಣ್ಣು ಬಿಳಿ ಗುರುತಿನ ಮೇಲೆ ಬಿತ್ತು. ಚಿಕ್ಕಂದಿನಲ್ಲಿ ಅಪ್ಪ ನೋಡಿ ರೈಟ್ ಹಾಕದೆ ಉಯ್ಯಾಲೆ ಹತ್ತದವಳು ಅವಳು. ಇಂಟು ಎಂದರೆ ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಅಪ್ಪಾಜಿ, ಇದಕ್ಕೆ ಇಂಟು ಹಾಕಿದೀರಾ?”

“ಹೂಂ.”

“ಹಾಕಿ, ನೀವೇ ಹಾಕ್ಕೊಂಡಿದೀರಾ?”

“ಇನ್ಯಾರಿಗೆ ಹಾಕ್ಲಿ? ಬಾಯಿ ಬಿಡಬೇಡಿ ಅಂದಿದ್ದೆಯಲ್ಲ ನೀನು.”

ರಶ್ಮಿಯ ಕಣ್ಣು ತುಂಬಿಬಂತು. ಅಪ್ಪನ ಮೇಲಿನ ಸಿಟ್ಟೋ ತನ್ನ ಮೇಲಿನದೋ, ಮೂಗು ಕೆಂಪಾಗಿತ್ತು. ಕೂತಲ್ಲೇ ಹಿಂದಕ್ಕೆ ಜರುಗಿ, ತನ್ನ ದುಪಟ್ಟಾವನ್ನು ಜಾಕೆಟ್ಟಿನ ಸುತ್ತ ಎರಡು ಸುತ್ತು ತಂದು ಎದೆಯ ಮೇಲೆ ಗಂಟು ಹಾಕಿದಳು. ಒಂದು ಸಲ ಜಗ್ಗಿದಳು. ಇನ್ನೊಂದು ಸಲ ಜಗ್ಗಿದಾಗ ಗಂಗಾಧರಪ್ಪ ಮುಂದಕ್ಕೆ ಮುಗ್ಗರಿಸಿದರು.

“ಸೀಮೆಸುಣ್ಣ ಕೊಡಿ.”

ಕೊಟ್ಟರು. ಒದ್ದೆ ಅಂಗೈಯಿಂದ ಇಂಟನ್ನು ಉಜ್ಜಿ ಅಳಿಸಿ, ಆ ಜಾಗದಲ್ಲಿ ಸೊಟ್ಟಗೆ ಒಂದು ರೈಟ್ ಎಳೆದಳು. “ಹುಲಿಯಪ್ಪ ಅವ್ರೇ, ನಿಧಾನಕ್ಕೆ ದಡಕ್ಕೆ ನಡೀರಿ. ಯಾವಾಗ ಏಳಬೇಕು ಅಂತ ನಮ್ಮಪ್ಪಾಜಿ ಹೇಳ್ತಾರೆ” ಎಂದಳು.

ಮೂವತ್ತೊಂದು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಗುರುತು ಹಾಕಿದ ಗಂಗಾಧರಪ್ಪನವರನ್ನು ಇದುವರೆಗೆ ಯಾರೂ ಜಗ್ಗಿ ನೋಡಿರಲಿಲ್ಲ. ಅವರು ತಲೆ ತಗ್ಗಿಸಿ ಎದೆಯನ್ನು ನೋಡಿಕೊಂಡರು. ಗಂಟು ಸ್ವಲ್ಪ ಸಡಿಲವಾಗಿತ್ತು. ಅದರ ಮೇಲೆ ಕೈಯಿಟ್ಟು ಹಿಡಿದುಕೊಂಡರೇ ಹೊರತು, ದಡ ಮುಟ್ಟುವವರೆಗೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.