ಗೋಲಿಗೆ ಪಾವಸೇರು ಕರದಂಟು

ಮೌಲಾನ ಮೇಲೆ ಚಾಡಿ ಹೇಳಿದವನು ನಾನೇ.

ಎಂಬತ್ತು ವರ್ಷದ ಹತ್ತಿರ ಬಾಯಿ ಮುಚ್ಚಿಕೊಂಡಿದ್ದೆ. ನಿನ್ನೆ ಟಿವಿಯಲ್ಲಿ, ದುಡ್ಡಿಗೆ ಆಡುವ ಹಾಕಿ ಪ್ಲೇಯರುಗಳು ದೇಶದ ಪರವಾಗಿ ಆಡಬಹುದೋ ಬಾರದೋ ಎಂದು ಚರ್ಚೆ ನಡೆದಿತ್ತು. ಕೇಳುತ್ತ ಕೇಳುತ್ತ ಟಿವಿ ಆರಿಸಿ ಮೊಮ್ಮಗಳನ್ನು ಕರೆದೆ. ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ಆಗ ನನಗೆ ಹತ್ತೊಂಬತ್ತು. ಬ್ರಿಟಿಷರು ಇನ್ನೂ ಗಂಟುಮೂಟೆ ಕಟ್ಟಿರಲಿಲ್ಲ. ಗೋಕಾಕದ ನಮ್ಮ ಹಾಕಿ ಟೀಮಿನ ಜೊತೆ ಆಡಲು ಬೆಳಗಾವಿ ದಂಡಿನ ಗೋರಾ ಸಾಹೇಬರ ಟೀಮು ಬರುವುದಿತ್ತು.

ನಮ್ಮನ್ನು ತಯಾರು ಮಾಡುತ್ತಿದ್ದ ಸಾಲಿ ಮಾಸ್ತರರು ಊರೆಲ್ಲ ಹೇಳಿಕೊಂಡು ತಿರುಗಿದರು: “ಇದು ಹಿಂದೂಸ್ಥಾನಕ್ಕೂ ಇಂಗ್ಲಂಡಿಗೂ ಮ್ಯಾಚ್ ಐತ್ರೆಪಾ!”

ಟೀಮಿನ ಜೀವವೇ ಮೌಲಾ. ಹಗಲೆಲ್ಲ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವನು, ಸಂಜೆ ಕೋಲು ಹಿಡಿದರೆ ಚೆಂಡು ಅವನು ಹೇಳಿದಂತೆ ಕೇಳುತ್ತಿತ್ತು. ನಾನೋ, ಹನ್ನೆರಡನೆಯವನು. ಕೊಡಕ್ಕೆ ನೀರು ತುಂಬುವುದೇ ನನ್ನ ಆಟ.

ಆದರೆ ಹುಕ್ಕೇರಿಯ ಸೋದರಮಾವನಿಗೆ ನಾನು ಹೇಳಿದ್ದೇ ಬೇರೆ. ಮಗಳನ್ನು ನನಗೆ ಕೊಡಬೇಕೋ ಬೇಡವೋ ಎಂದು ಮಾವ ಮೀನಮೇಷ ಎಣಿಸುತ್ತಿದ್ದ. ಗೋರಾಗಳ ಎದುರು ಆಡುತ್ತೇನೆ, ಬಂದು ನೋಡು ಎಂದು ಕಾಗದ ಹಾಕಿಬಿಟ್ಟಿದ್ದೆ!

ಮಾವ ಚಕ್ಕಡಿ ಹೂಡಿಕೊಂಡು ಬರುತ್ತೇನೆಂದ. ಮಗಳೂ ಜೊತೆಗೆ. ಇನ್ನು ಆಡದಿದ್ದರೆ ಮದುವೆಯೂ ಇಲ್ಲ, ಮರ್ಯಾದೆಯೂ ಇಲ್ಲ.

ಅಷ್ಟರಲ್ಲಿ ಸಾಹೇಬರ ಚೀಟಿ ಬಂತು. ಆಟಕ್ಕೆ ಪ್ರತಿಫಲ ತೆಗೆದುಕೊಳ್ಳುವ ಪ್ರೊಫೆಷನಲ್‌ಗಳು ಯಾರೂ ಮೈದಾನಕ್ಕೆ ಇಳಿಯಬಾರದು ಎಂದು.

ನನಗೆ ಅಷ್ಟೇ ಸಾಕಾಯಿತು.

ಪೇಟೆಯ ಮಿಠಾಯಿ ಅಂಗಡಿಯ ಗುರುಸಿದ್ದಪ್ಪ ಕಾಕಾನಿಗೆ ಮೌಲಾನ ಆಟದ ಹುಚ್ಚು. ಅವನು ಹೊಡೆದ ಒಂದೊಂದು ಗೋಲಿಗೆ ಪಾವಸೇರು, ಅಂದರೆ ಕಾಲು ಸೇರು, ಕರದಂಟು ಕೊಡುತ್ತಿದ್ದ. ಅಂಟು, ಒಣಕೊಬ್ಬರಿ, ಬೆಲ್ಲ ಹಾಕಿದ ನಮ್ಮೂರ ಕರದಂಟು! ಮೆಲ್ಲಗೆ ಹೋಗಿ ಮಾಸ್ತರರ ಕಿವಿಯಲ್ಲಿ ಊದಿದೆ.

ಮಾಸ್ತರರಿಗೂ ಸುಳ್ಳಿಗೂ ಆಗಿಬರುತ್ತಿರಲಿಲ್ಲ. ಮ್ಯಾಚಿನ ದಿನ ಸಾಹೇಬರ ಕ್ಯಾಪ್ಟನ್ ಮುಂದೆಯೇ ಮೌಲಾನನ್ನು ಕೇಳಿದರು. ಅವನು ಒಂಚೂರೂ ಅಳುಕದೆ, “ಹೌದ್ರಿ, ಗೋಲಿಗೆ ಪಾವಸೇರ. ಕಾಕಾ ತೂಕದಾಗ ಮೋಸಾ ಮಾಡಂಗಿಲ್ರಿ,” ಎಂದ.

ಕರದಂಟು ಅಂದರೇನೆಂದು ಕ್ಯಾಪ್ಟನ್‌ಗೆ ಗೊತ್ತಿಲ್ಲ. ಆಟ ನೋಡಲು ಬಂದಿದ್ದ ಕಾಕಾ ಒಂದು ತುಂಡು ಕೊಟ್ಟ. ಸಾಹೇಬ ತಿಂದ. ಇನ್ನೊಂದು ತಿಂದ. ನಾಲ್ಕು ತಿಂದು, ಬಾಯಿ ಒರೆಸಿಕೊಂಡು, ಇಷ್ಟು ರುಚಿಯಾದದ್ದು ಸಂಬಳವೇ ಸರಿ ಎಂದು ತೀರ್ಪು ಕೊಟ್ಟ. ಅದನ್ನು ಕನ್ನಡದಲ್ಲಿ ಹೇಳುವಾಗ ಮಾಸ್ತರರು ಅಳುವುದೊಂದು ಬಾಕಿ.

ಮೌಲಾ ಹೊರಗೆ. ನಾನು ಒಳಗೆ.

ಮುಂದಿನದು ಏನು ಹೇಳಲಿ... ಅರ್ಧ ಆಟಕ್ಕೆ ಆರು ಗೋಲು, ಆರೂ ನಮ್ಮ ಮೇಲೆಯೇ. ಚೆಂಡು ಬಂದಾಗೆಲ್ಲ ನಾನು ಹಾರಿ ಬಾಜುವಿಗೆ ಸರಿಯುತ್ತಿದ್ದೆ.

“ಅಳಿಯಾ, ಅದು ಹಾವಲ್ಲೋ, ಚೆಂಡು! ಹೊಡಿ!” ಮಾವನ ದನಿ ಮೈದಾನದ ತುಂಬ. ಚಕ್ಕಡಿಯಲ್ಲಿ ಕೂತಿದ್ದ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ವಿರಾಮದಲ್ಲಿ ಮೌಲಾ ನೀರಿನ ಕೊಡ ಹೊತ್ತು ಬಂದ. ನನ್ನ ಕೆಲಸವನ್ನು ಈಗ ಅವನು ಮಾಡುತ್ತಿದ್ದ. ಕಾಕಾ ಅವನಿಗೆಂದು ಕಟ್ಟಿಟ್ಟಿದ್ದ ಪೊಟ್ಟಣ ಬಿಚ್ಚಿ, “ತಿನ್ನೋ, ಕಾಲಾಗ ಕಸುವು ಬರತೈತಿ,” ಎಂದ.

ತಿಂದೆ. ಬಾಯಿ ತುಂಬಿಕೊಂಡಿದ್ದಾಗಲೇ ಕ್ಯಾಪ್ಟನ್ ನೋಡಿಬಿಟ್ಟ. ಬೆರಳು ತೋರಿಸಿ ಬಿದ್ದು ಬಿದ್ದು ನಕ್ಕ. ನಾನೂ ಪ್ರೊಫೆಷನಲ್ಲು. ಹೊರಗೆ!

ಇಬ್ಬರೂ ಗೆರೆಯಾಚೆ ಕೂತೆವು. ಒಳಗೆ ನಮ್ಮ ಹತ್ತೇ ಜನ ಏದುಸಿರು ಬಿಡುತ್ತಿದ್ದರು.

“ನನ್ನ ಹೆಸರ ಯಾರ ಹೇಳಿರಬೇಕೋ?” ಎಂದು ಕೇಳಿದ ಮೌಲಾ.

“ಯಾರಿಗ್ಗೊತ್ತ,” ಎಂದೆ. ಬಾಯಲ್ಲಿ ಇನ್ನೂ ಅವನದೇ ಕರದಂಟು.

“ಇರಲಿ ಬಿಡು. ಅವನ ಹೊಟ್ಟಿ ತಣ್ಣಗಿರಲಿ,” ಎಂದು ಇದ್ದುದರಲ್ಲಿ ದೊಡ್ಡ ತುಂಡು ನನ್ನ ಕೈಗಿಟ್ಟ. ಥೂ, ಎಂಥ ಮನುಷ್ಯ ನಾನು!

ಮಾವ ಮಗಳನ್ನು ಕೊಟ್ಟ. ಇಷ್ಟು ನಗಿಸುವವನು ಮತ್ತೆ ಸಿಗುವುದಿಲ್ಲ ಎಂದು ಅವಳೇ ಹಟ ಹಿಡಿದಳಂತೆ. ಮದುವೆಯ ಪಾತ್ರೆಗಳಿಗೆಲ್ಲ ಮೌಲಾನೇ ಕಲಾಯಿ ಹಾಕಿಕೊಟ್ಟ. ಆಗಲೂ ನಾನು ಬಾಯಿ ಬಿಡಲಿಲ್ಲ. ಈಗ ಅವನೂ ಇಲ್ಲ, ನನ್ನವಳೂ ಇಲ್ಲ.

ಪಗಾರ ತೆಗೆದುಕೊಳ್ಳುವವರು ಆಡಲಿ ಬಿಡ್ರಿ. ನನ್ನಂಥವನು ಆಡುವುದಕ್ಕಿಂತ ವಾಸಿ.

ಮೌಲಾನ ಮೊಮ್ಮಗ ಇಲ್ಲೇ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾನೆ, ಇದನ್ನು ಓದುತ್ತಾನೆ. ನಾಳೆ ಒಂದು ಕಿಲೋ ಕರದಂಟು ಹಿಡಿದುಕೊಂಡು ಅವನ ಬಾಗಿಲಿಗೆ ಹೋದರೆ ಒಳಗೆ ಕರೆದಾನೋ, ಇಲ್ಲವೋ... ನೀವೇನಂತೀರಿ?